ಮೊಬೀಲ್ ಕೌಂಟಿಯ ಚೆಂಡಾಟದ ಕಲಿಗಳು

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ಆಟದ ಪಿರಿಯಡ್ ಇತ್ತು, ಆದರೆ ಮೈದಾನದ ತುಂಬ ನೀರು. ಹುಡುಗರೆಲ್ಲ ಜಗಲಿಯಲ್ಲಿ ಸಾಲಾಗಿ ನಿಂತು ಮಳೆಗೆ ಶಾಪ ಹಾಕುತ್ತಿದ್ದರು. ಆಗ ಎಂಟನೆಯ ತರಗತಿಯ ಒಬ್ಬ ನಮ್ಮನ್ನು ಕೇಳಿದ: "ಮಾಷ್ಟ್ರೇ, ಬೇಸ್‌ಬಾಲ್‌ನಲ್ಲಿಯೂ ಸಿಕ್ಸರ್ ಉಂಟಾ?" ಉಂಟು, ಅದಕ್ಕೆ ಹೋಮ್ ರನ್ ಎನ್ನುತ್ತಾರೆ ಎಂದೆವು. ಹೆಚ್ಚು ಹೊಡೆದವರು ಯಾರು ಎಂದು ಇನ್ನೊಬ್ಬ ಕೇಳಿದ. ಹ್ಯಾಂಕ್ ಏರನ್ ಎಂಬವನ ಹೆಸರು ಹೇಳಿ, ಅವನ ಊರಿನ ಹೆಸರು ಹೇಳಿ, ಆ ಊರಿನವರೇ ಆದ ಇನ್ನೂ ನಾಲ್ಕಾರು ಮಂದಿಯ ಹೆಸರು ಹೇಳುವಷ್ಟರಲ್ಲಿ ಗಂಟೆ ಬಾರಿಸಿತು. ಉಳಿದುದನ್ನು ಶಾಲಾ ವಾರ್ಷಿಕಾಂಕದಲ್ಲಿ ಬರೆಯುತ್ತೇವೆಂದು ಮಾತು ಕೊಟ್ಟೆವು. ಆ ಮಾತನ್ನು ಈಗ ನಡೆಸಿಕೊಡುತ್ತಿದ್ದೇವೆ. ಮನೆಯಲ್ಲಿ ತಂದೆತಾಯಂದಿರೂ ಓದಬಹುದು. ಇದರಲ್ಲಿ ಆಟಕ್ಕಿಂತ ಹೆಚ್ಚಿನದೂ ಇದೆ.

ಅಮೆರಿಕದ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಅಲಬಾಮ ಎಂಬ ರಾಜ್ಯವಿದೆ. ಅದರ ದಕ್ಷಿಣ ತುದಿಯಲ್ಲಿ, ಮೆಕ್ಸಿಕೋ ಕೊಲ್ಲಿಗೆ ತಾಗಿ, ಮೊಬೀಲ್ ಕೌಂಟಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದ ಹಾಗೆ. ಇಂಗ್ಲಿಷಿನಲ್ಲಿ ಬರೆಯುವಾಗ ನಾವು ಕೈಯಲ್ಲಿ ಹಿಡಿಯುವ ಮೊಬೈಲಿನ ಅಕ್ಷರಗಳೇ ಇದಕ್ಕೂ ಇವೆ, ಉಚ್ಚಾರ ಮಾತ್ರ ಬೇರೆ: ಮೊಬೀಲ್. 1702ರಲ್ಲಿ ಫ್ರೆಂಚರು ಕಟ್ಟಿದ ಊರು. ನದಿ ಕಡಲನ್ನು ಸೇರುವಲ್ಲಿ ಬಂದರು, ಹಡಗು ಕಟ್ಟುವ ಅಂಗಳಗಳು, ಮರದ ಮಿಲ್ಲುಗಳು, ಕಾಗದದ ಕಾರ್ಖಾನೆಗಳು. ಅಮೆರಿಕದ ದೊಡ್ಡ ಊರುಗಳಲ್ಲಿ ಅತಿ ಹೆಚ್ಚು ಮಳೆ ಬೀಳುವವುಗಳಲ್ಲಿ ಇದೂ ಒಂದೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ನಮ್ಮ ಕಾಸರಗೋಡಿನ ಆಟಿ ತಿಂಗಳನ್ನು ಅವರು ನೋಡಿಲ್ಲ, ಅಷ್ಟೆ. ವಿಸ್ತಾರದಲ್ಲಿ ಈ ಕೌಂಟಿ ನಮ್ಮ ಜಿಲ್ಲೆಗಿಂತ ದೊಡ್ಡದು; ಆದರೆ ಜನಸಂಖ್ಯೆ 2020ರ ಗಣತಿಯಂತೆ 4 ಲಕ್ಷದ 14 ಸಾವಿರ ಮಾತ್ರ, ನಮ್ಮ ಜಿಲ್ಲೆಯ ಮೂರರಲ್ಲಿ ಒಂದು ಪಾಲಿನಷ್ಟು.

ಇಷ್ಟು ಚಿಕ್ಕ ನಾಡಿನಲ್ಲಿ ಹುಟ್ಟಿದ ಐದು ಮಂದಿ ಆಟಗಾರರು ಬೇಸ್‌ಬಾಲ್‌ನ ಕೀರ್ತಿಮಂದಿರವನ್ನು ಸೇರಿದ್ದಾರೆ. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಊರಲ್ಲಿರುವ ಈ ಮಂದಿರದಲ್ಲಿ ಹೆಸರು ಕೆತ್ತಿಸಿಕೊಳ್ಳುವುದೆಂದರೆ ಆ ಆಟದಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಸ್ಯಾಚೆಲ್ ಪೇಜ್, ಹ್ಯಾಂಕ್ ಏರನ್, ವಿಲ್ಲಿ ಮೆಕ್‌ಕವಿ, ಬಿಲ್ಲಿ ವಿಲಿಯಮ್ಸ್, ಓಝಿ ಸ್ಮಿತ್ - ಇವರೇ ಆ ಐವರು. ಐವರೂ ಕರಿಯ ಜನಾಂಗದವರು. ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕು.

ಮೊದಲು ಆಟವನ್ನು ಸ್ವಲ್ಪ ತಿಳಿದುಕೊಳ್ಳೋಣ. ಒಂದು ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದಂತೆ ಅಂಗಳ. ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು, ಅವೇ ಬೇಸ್‌ಗಳು. ಒಂದರಿಂದ ಒಂದಕ್ಕೆ 90 ಅಡಿ. ಪಿಚರ್ ಎಂಬ ಎಸೆಗಾರ 60 ಅಡಿ ದೂರದಿಂದ ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುತ್ತಾನೆ. ದಾಂಡಿಗನ ಕೈಯಲ್ಲಿರುವುದು ನಮ್ಮ ಕ್ರಿಕೆಟ್ ಬ್ಯಾಟಿನಂತೆ ಚಪ್ಪಟೆಯದಲ್ಲ, ಒನಕೆಯಂತೆ ಗುಂಡಗಿನದು. ಅವನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತವನು ಕ್ಯಾಚರ್. ಸರಿಯಾಗಿ ಹೊಡೆದ ಮೇಲೆ ಓಡಲೇಬೇಕು. ನಾಲ್ಕು ನೆಲೆಗಳನ್ನೂ ಸುತ್ತಿ ಹೊರಟಲ್ಲಿಗೆ ಬಂದರೆ ಒಂದು ಓಟ. ಚೆಂಡು ನೇರವಾಗಿ ಬೇಲಿಯಾಚೆ ಹೋಯಿತೆಂದರೆ ಹೋಮ್ ರನ್. ಮೂರು ಸಲ ತಪ್ಪಿದರೆ ಔಟು, ಮೂವರು ಔಟಾದರೆ ಎದುರು ತಂಡದ ಸರದಿ, ಹೀಗೆ ಒಂಬತ್ತು ಸರದಿಗಳು. ಗುಂಡಗಿನ ಬ್ಯಾಟಿನಿಂದ ಗುಂಡಗಿನ ಚೆಂಡನ್ನು ಹೊಡೆಯುವುದು ಎಷ್ಟು ಕಷ್ಟವೆಂದರೆ ಹತ್ತರಲ್ಲಿ ಮೂರು ಸಲ ಸಫಲನಾದವನು ಒಳ್ಳೆಯ ದಾಂಡಿಗನೆನಿಸುತ್ತಾನೆ. ನಮ್ಮ ಪರೀಕ್ಷೆಯಲ್ಲಾದರೆ ಅವನು ಫೇಲು.

ಈ ಆಟದ ದೊಡ್ಡ ವೃತ್ತಿಪರ ತಂಡಗಳಲ್ಲಿ 1880ರ ದಶಕದ ಕೊನೆಯಿಂದ 1947ರವರೆಗೆ ಕರಿಯರಿಗೆ ಜಾಗವಿರಲಿಲ್ಲ. ಕಾಗದದ ಮೇಲೆ ಬರೆದ ನಿಯಮವಲ್ಲ, ಮಾಲೀಕರೆಲ್ಲ ಸೇರಿ ಮಾಡಿಕೊಂಡ ಒಳ ಒಪ್ಪಂದ. ಅಲಬಾಮದಂತಹ ದಕ್ಷಿಣದ ರಾಜ್ಯಗಳಲ್ಲಂತೂ ಶಾಲೆ, ಬಸ್ಸು, ಹೋಟೆಲು, ಕುಡಿಯುವ ನೀರಿನ ನಳ್ಳಿ, ಎಲ್ಲವೂ ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ. ಅಲ್ಲಿ ಅದು ಕಾಯಿದೆಯೇ ಆಗಿತ್ತು. ನಮ್ಮ ದೇಶದ ಬಾವಿಕಟ್ಟೆಗಳ ಕಥೆ ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕರಿಯರು ತಮ್ಮದೇ ತಂಡಗಳನ್ನು ಕಟ್ಟಿಕೊಂಡರು. 1920ರಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಎಂಬ ಕೂಟ ಹುಟ್ಟಿತು. ಆಟದಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ. ಸಂಬಳ ಕಡಿಮೆ, ಪ್ರಯಾಣ ಹಳೆಯ ಬಸ್ಸಿನಲ್ಲಿ, ನಿದ್ದೆಯೂ ಎಷ್ಟೋ ಸಲ ಅದೇ ಬಸ್ಸಿನಲ್ಲಿ.

ಸ್ಯಾಚೆಲ್ ಪೇಜ್ ಈ ಕಾಲದವನು. 1906ರ ಜುಲೈ 7ರಂದು ಮೊಬೀಲ್‌ನಲ್ಲಿ ಹುಟ್ಟಿದ. ಹನ್ನೆರಡು ಮಕ್ಕಳ ಬಡ ಸಂಸಾರ. ತಂದೆ ತೋಟದ ಕೆಲಸದವನು, ತಾಯಿ ಬಟ್ಟೆ ಒಗೆಯುವವಳು. ಹುಡುಗನ ನಿಜವಾದ ಹೆಸರು ಲೀರಾಯ್. ಸ್ಯಾಚೆಲ್ ಎಂದರೆ ಕೈಚೀಲ. ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಚೀಲ ಹೊತ್ತು ಕಾಸು ಸಂಪಾದಿಸುತ್ತಿದ್ದ. ಒಂದು ಕೋಲಿಗೆ ಹಗ್ಗ ಕಟ್ಟಿ ಒಂದೇ ಸಲಕ್ಕೆ ಹಲವು ಚೀಲಗಳನ್ನು ಹೊರುತ್ತಿದ್ದುದರಿಂದ ಆ ಹೆಸರು ಬಂತೆಂದು ಅವನೇ ಹೇಳುತ್ತಿದ್ದ. ಅಲ್ಲ, ಯಾರದೋ ಚೀಲ ಎತ್ತಿಕೊಂಡು ಓಡಲು ಹೋಗಿ ಸಿಕ್ಕಿಬಿದ್ದುದರಿಂದ ಬಂದ ಹೆಸರು ಎಂದು ಅವನ ಬಾಲ್ಯದ ಗೆಳೆಯ ಹೇಳುತ್ತಿದ್ದನಂತೆ. ಯಾವುದನ್ನು ನಂಬುವುದೆಂದು ಓದುಗರು ತೀರ್ಮಾನಿಸಲಿ.

ಶಾಲೆಗೆ ಚಕ್ಕರ್ ಹೊಡೆದದ್ದಕ್ಕೆ ಮತ್ತು ಅಂಗಡಿಯಿಂದ ಚಿಲ್ಲರೆ ವಸ್ತು ಕದ್ದದ್ದಕ್ಕೆ ಹನ್ನೆರಡನೆಯ ವಯಸ್ಸಿನಲ್ಲಿ ಅವನನ್ನು ಮೌಂಟ್ ಮೀಗ್ಸ್ ಎಂಬಲ್ಲಿದ್ದ ಕರಿಯ ಬಾಲಕರ ಸುಧಾರಣಾ ಶಾಲೆಗೆ ಕಳುಹಿಸಿದರು. ಅಲ್ಲಿ ಐದು ವರ್ಷ ಕಳೆದ. ತಮಾಷೆಯೆಂದರೆ ಅವನು ಎಸೆಯುವುದನ್ನು ಸರಿಯಾಗಿ ಕಲಿತದ್ದು ಆ ಸೆರೆಯಂತಹ ಶಾಲೆಯಲ್ಲೇ. ಎಡಗಾಲನ್ನು ಆಕಾಶಕ್ಕೆ ಎತ್ತಿ, ದಾಂಡಿಗನ ಕಣ್ಣಿಗೆ ಕಾಲೇ ಅಡ್ಡ ಬರುವಂತೆ ಮಾಡಿ ಎಸೆಯುವ ವಿದ್ಯೆಯನ್ನು ಅಲ್ಲಿನ ತರಬೇತುದಾರ ಹೇಳಿಕೊಟ್ಟ. ಹೊರಬಂದು 1924ರಲ್ಲಿ ಊರಿನ ಮೊಬೀಲ್ ಟೈಗರ್ಸ್ ತಂಡದಲ್ಲಿ ಆಡಿದ. 1926ರಲ್ಲಿ ಚಟನೂಗದ ಕರಿಯರ ತಂಡ ಅವನನ್ನು ಕರೆದೊಯ್ದಿತು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬರ್ಮಿಂಗ್‌ಹ್ಯಾಮ್, ಪಿಟ್ಸ್‌ಬರ್ಗ್, ಕನ್ಸಾಸ್ ಸಿಟಿ ಎಂದು ಊರೂರು ತಿರುಗುತ್ತ ಎಸೆದ. ಬಿಡುವಿನ ಕಾಲದಲ್ಲಿ ಬಿಳಿಯ ತಂಡಗಳ ನಾಮಾಂಕಿತ ಆಟಗಾರರೊಂದಿಗೆ ಪ್ರದರ್ಶನದ ಆಟಗಳನ್ನೂ ಆಡಿದ. ಅವನಿಗೆ ಸಮನಾದ ಎಸೆಗಾರ ಅಪರೂಪವೆಂಬುದು ಅವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಬಾಗಿಲು ತೆರೆಯಲಿಲ್ಲ.

ಬಾಗಿಲು ತೆರೆದದ್ದು 1947ರ ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ತಂಡದಲ್ಲಿ ಆಡಿದಾಗ. ಮರುವರ್ಷ ಜುಲೈ 7ರಂದು, ತನ್ನ ನಲವತ್ತೆರಡನೆಯ ಹುಟ್ಟುಹಬ್ಬದ ದಿನ, ಪೇಜ್ ಕ್ಲೀವ್‌ಲೆಂಡ್ ತಂಡಕ್ಕೆ ಸಹಿ ಹಾಕಿದ. ಉಳಿದವರು ನಿವೃತ್ತರಾಗುವ ವಯಸ್ಸಿನಲ್ಲಿ ಅವನು ಹೊಸಬ! ಅದು ಬರಿಯ ಪ್ರಚಾರದ ಹುನ್ನಾರ ಎಂದು ಕೆಲವರು ಹಾಸ್ಯ ಮಾಡಿದರು. ಆ ವರ್ಷ ಅವನು ಆರು ಪಂದ್ಯಗಳನ್ನು ಗೆದ್ದ, ಒಂದನ್ನು ಸೋತ. ಆಗಸ್ಟ್ 20ರಂದು ಅವನ ಎಸೆತ ನೋಡಲು ಕ್ಲೀವ್‌ಲೆಂಡಿನಲ್ಲಿ 78,382 ಜನ ಸೇರಿದ್ದರು. ಆ ವರ್ಷದ ವರ್ಲ್ಡ್ ಸೀರೀಸ್ ಕೂಡ ಅವನ ತಂಡಕ್ಕೇ ದಕ್ಕಿತು.

ಅವನ ನಿಜವಾದ ವಯಸ್ಸೆಷ್ಟು ಎಂಬುದು ಅಮೆರಿಕದ ಪತ್ರಿಕೆಗಳಿಗೆ ದೊಡ್ಡ ಒಗಟಾಗಿತ್ತು. ಅವನೂ ಅದನ್ನು ಬಿಡಿಸದೆ ಮಜಾ ನೋಡುತ್ತಿದ್ದ. 1965ರ ಸೆಪ್ಟೆಂಬರಿನಲ್ಲಿ, ಐವತ್ತೊಂಬತ್ತರ ಹರೆಯದಲ್ಲಿ, ಕನ್ಸಾಸ್ ಸಿಟಿಯ ತಂಡ ಅವನನ್ನು ಒಂದು ಪಂದ್ಯಕ್ಕೆ ಕರೆಸಿತು. ಪಕ್ಕದಲ್ಲಿ ಒಂದು ತೂಗುಕುರ್ಚಿ ಹಾಕಿ, ನರ್ಸೊಬ್ಬಳನ್ನೂ ನಿಲ್ಲಿಸಿ ತಮಾಷೆ ಮಾಡಿದರು. ಮುದುಕ ಎದ್ದು ಹೋಗಿ ಮೂರು ಸರದಿ ಎಸೆದ. ಬಾಸ್ಟನ್ ತಂಡಕ್ಕೆ ಸಿಕ್ಕಿದ್ದು ಒಂದೇ ಒಂದು ಹೊಡೆತ, ಓಟ ಒಂದೂ ಇಲ್ಲ. 1971ರಲ್ಲಿ ಕೀರ್ತಿಮಂದಿರಕ್ಕೆ ಅವನ ಆಯ್ಕೆಯಾದಾಗ ನೀಗ್ರೋ ಲೀಗಿನವರ ಹೆಸರುಗಳನ್ನು ಬೇರೆಯೇ ಕೋಣೆಯಲ್ಲಿ ಇಡುವ ವಿಚಾರವಿತ್ತು. ಅಲ್ಲಿಯೂ ಬೇರೆ ಸಾಲೇ ಎಂದು ಜನ ಕೇಳಿದರು. ಗದ್ದಲವೆದ್ದ ಮೇಲೆ ಎಲ್ಲರ ಸಾಲಿನಲ್ಲೇ ಅವನ ಫಲಕ ನಿಂತಿತು. 1982ರಲ್ಲಿ ಅವನು ತೀರಿಕೊಂಡ. ನೀಗ್ರೋ ಲೀಗುಗಳನ್ನು ಅಮೆರಿಕದ ಬೇಸ್‌ಬಾಲ್ ಆಡಳಿತ 'ಪ್ರಮುಖ ಲೀಗು'ಗಳೆಂದು ಒಪ್ಪಿದ್ದು 2020ರಲ್ಲಿ, ಆ ಅಂಕೆ ಅಂಶಗಳನ್ನು ದಾಖಲೆಗೆ ಸೇರಿಸಿದ್ದು 2024ರಲ್ಲಿ. ಲೆಕ್ಕದ ಪುಸ್ತಕಕ್ಕೆ ನ್ಯಾಯ ಇಷ್ಟು ತಡವಾಗಿ ಬರುತ್ತದೆ.

ಪೇಜ್‌ನ ಜೊತೆಗೆ ಇನ್ನೊಬ್ಬನನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಟೆಡ್ ರ್‍ಯಾಡ್‌ಕ್ಲಿಫ್ ಎಂಬವನೂ ಮೊಬೀಲ್‌ನವನೇ. ಹುಟ್ಟಿದ ದಿನವೂ ಜುಲೈ 7, ವರ್ಷ ಮಾತ್ರ 1902. 1932ರಲ್ಲಿ ನ್ಯೂಯಾರ್ಕಿನಲ್ಲಿ ಒಂದೇ ದಿನ ಎರಡು ಪಂದ್ಯಗಳು. ಮೊದಲನೆಯದರಲ್ಲಿ ಪೇಜ್ ಎಸೆದ, ರ್‍ಯಾಡ್‌ಕ್ಲಿಫ್ ಕ್ಯಾಚರ್. ಎರಡನೆಯದರಲ್ಲಿ ರ್‍ಯಾಡ್‌ಕ್ಲಿಫ್‌ನೇ ಎಸೆಗಾರ. ಎರಡರಲ್ಲೂ ಎದುರಾಳಿಗಳಿಗೆ ಒಂದು ಓಟವೂ ಸಿಗಲಿಲ್ಲ. ಆ ದಿನದಿಂದ ಅವನ ಹೆಸರು 'ಡಬಲ್ ಡ್ಯೂಟಿ'. ಕೀರ್ತಿಮಂದಿರ ಇವನನ್ನು ಕರೆಯಲಿಲ್ಲ. ಯಮನೂ ಬೇಗ ಕರೆಯಲಿಲ್ಲ. 103 ವರ್ಷ ಬಾಳಿ 2005ರಲ್ಲಿ ತೀರಿಕೊಂಡ.

ಇನ್ನು ಹ್ಯಾಂಕ್ ಏರನ್. 1934ರ ಫೆಬ್ರವರಿ 5ರಂದು ಹುಟ್ಟಿದ. ತಂದೆ ಹರ್ಬರ್ಟ್ ಹಡಗು ಕಟ್ಟೆಯಲ್ಲಿ ಕೂಲಿ. ಟೂಲ್ಮಿನ್‌ವಿಲ್ ಎಂಬ ಕೇರಿಯಲ್ಲಿ 1942ರಲ್ಲಿ, ಕೆಡವಿದ ಮನೆಗಳ ಹಳೆಯ ಹಲಗೆಗಳನ್ನು ಆಯ್ದು ತಂದು, ತಂದೆ ತನ್ನ ಕೈಯಾರೆ ಒಂದು ಪುಟ್ಟ ಮನೆ ಕಟ್ಟಿದ. ವಿದ್ಯುತ್ ಇರಲಿಲ್ಲ. ಚೆಂಡು ಕೊಳ್ಳಲು ದುಡ್ಡಿಲ್ಲದ ಹುಡುಗ ಸೋಡಾ ಬಾಟಲಿಯ ಮುಚ್ಚಳಗಳನ್ನು ಹಾರಿಸಿ ಪೊರಕೆಯ ಹಿಡಿಕೋಲಿನಿಂದ ಹೊಡೆಯುತ್ತಿದ್ದ. ಗಾಳಿಯಲ್ಲಿ ತಿರುತಿರುಗಿ ಬರುವ ಮುಚ್ಚಳವನ್ನು ಹೊಡೆದ ಕಣ್ಣಿಗೆ ಮುಂದೆ ಚೆಂಡು ಎಷ್ಟು ದೊಡ್ಡದಾಗಿ ಕಂಡಿರಬೇಕು! ಹೇಳಿಕೊಡುವವರು ಯಾರೂ ಇಲ್ಲದ್ದರಿಂದ ಬ್ಯಾಟು ಹಿಡಿಯುವಾಗ ಎಡಗೈ ಮೇಲೆ, ಬಲಗೈ ಕೆಳಗೆ - ಬಲಗೈ ದಾಂಡಿಗ ಹಿಡಿಯಬೇಕಾದುದಕ್ಕೆ ತದ್ವಿರುದ್ಧ. ಹಾಗೆಯೇ ಹೊಡೆಯುತ್ತ ಹೊಡೆಯುತ್ತ ವೃತ್ತಿಪರನಾದ ಮೇಲೆ ಅದನ್ನು ತಿದ್ದಿಕೊಂಡ.

1948ರಲ್ಲಿ ಜಾಕಿ ರಾಬಿನ್ಸನ್ ಮೊಬೀಲ್‌ಗೆ ಬಂದು ಭಾಷಣ ಮಾಡಿದಾಗ ಹದಿನಾಲ್ಕರ ಏರನ್ ಶಾಲೆ ತಪ್ಪಿಸಿ ಕೇಳಲು ಹೋಗಿದ್ದ. (ಮಕ್ಕಳೇ, ಇದನ್ನು ಮಾತ್ರ ಅನುಕರಿಸಬೇಡಿ, ನಿಮ್ಮ ಊರಿಗೆ ರಾಬಿನ್ಸನ್ ಬರುವುದಿಲ್ಲ.) ಕೆಲ ಕಾಲದಲ್ಲೇ ಊರಿನ ಮೊಬೀಲ್ ಬ್ಲ್ಯಾಕ್ ಬೇರ್ಸ್ ತಂಡದ ವ್ಯವಸ್ಥಾಪಕ ಎಡ್ ಸ್ಕಾಟ್ ಈ ಹುಡುಗನನ್ನು ಕಂಡುಕೊಂಡ. ತಾಯಿ ಒಪ್ಪಬೇಕಲ್ಲ! ಹಲವು ಸಲ ಮನೆಗೆ ಬಂದು ಕೇಳಿದ ಮೇಲೆ ಊರೊಳಗಿನ ಪಂದ್ಯಗಳಿಗಷ್ಟೇ ಆಕೆ ಒಪ್ಪಿಗೆ ಕೊಟ್ಟಳು. 1952ರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ಎಂಬ ನೀಗ್ರೋ ಲೀಗಿನ ತಂಡ ಕರೆದಾಗ ಹದಿನೆಂಟರ ಹುಡುಗ ರೈಲು ಹತ್ತಿದ. ಕೈಯಲ್ಲಿದ್ದದ್ದು ಎರಡು ಡಾಲರ್, ಎರಡು ಸ್ಯಾಂಡ್‌ವಿಚ್, ಎರಡು ಪ್ಯಾಂಟು.

ಆ ತಂಡದೊಂದಿಗೆ ವಾಷಿಂಗ್ಟನ್ನಿಗೆ ಹೋದಾಗ ನಡೆದುದನ್ನು ಅವನು ಜೀವನವಿಡೀ ಮರೆಯಲಿಲ್ಲ. ದೇಶದ ರಾಜಧಾನಿ, ಆಟದ ಮೈದಾನದ ಬಳಿಯ ಒಂದು ಹೋಟೆಲಿನಲ್ಲಿ ತಂಡದವರೆಲ್ಲ ತಿಂಡಿ ತಿಂದರು. ತಿಂದಾದ ಮೇಲೆ ಒಳಗಿನ ಅಡುಗೆಮನೆಯಿಂದ ಪಿಂಗಾಣಿ ಒಡೆಯುವ ಸದ್ದು. ಕರಿಯರು ಉಂಡ ತಟ್ಟೆಗಳನ್ನು ತೊಳೆಯುವ ಬದಲು ಒಡೆದು ಹಾಕುತ್ತಿದ್ದರು. ನಾಯಿ ನೆಕ್ಕಿದ ತಟ್ಟೆಯನ್ನಾದರೂ ಅವರು ತೊಳೆದಿಡುತ್ತಿದ್ದರಲ್ಲ ಎಂಬ ನೋವು ಅವನಲ್ಲಿ ಉಳಿದುಹೋಯಿತು.

ಅದೇ ವರ್ಷ ಬ್ರೇವ್ಸ್ ತಂಡ ಅವನನ್ನು ಕೊಂಡಿತು. 1953ರಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ, ಅದುವರೆಗೆ ಬರಿಯ ಬಿಳಿಯರೇ ಇದ್ದ ದಕ್ಷಿಣದ ಒಂದು ಕಿರಿಯ ಲೀಗಿನಲ್ಲಿ ಆಡಿದ ಮೊದಲ ಕೆಲವೇ ಕರಿಯರಲ್ಲಿ ಏರನ್ ಒಬ್ಬ. ಪ್ರೇಕ್ಷಕರ ಬೈಗುಳ ಕೇಳುತ್ತಲೇ ಆ ಲೀಗಿನ ಶ್ರೇಷ್ಠ ಆಟಗಾರನೆನಿಸಿಕೊಂಡ. ಪಂದ್ಯ ಮುಗಿದ ಮೇಲೆ ಅವನ ಬಿಳಿಯ ಜೊತೆಗಾರರು ಹೋಟೆಲಿಗೆ ಹೋಗಿ ಉಣ್ಣುತ್ತಿದ್ದರು. ಅವನು ಕರಿಯರ ಕೇರಿಯಲ್ಲಿ ಯಾರದೋ ಮನೆಯಲ್ಲಿ. 1954ರಲ್ಲಿ ಮಿಲ್ವಾಕಿ ಬ್ರೇವ್ಸ್‌ನ ಒಬ್ಬ ಹಿರಿಯ ಆಟಗಾರನ ಕಾಲ್ಗಂಟು ಮುರಿಯಿತು. ಖಾಲಿಯಾದ ಆ ಜಾಗಕ್ಕೆ ಬಂದ ಏರನ್ ಇಪ್ಪತ್ತಮೂರು ವರ್ಷ ಆಡಿದ. 1957ರಲ್ಲಿ ತಂಡಕ್ಕೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ.

ಇಲ್ಲಿ ಒಂದು ಸಂಗತಿ. ಮೊಬೀಲ್‌ನಿಂದಲೇ ಬಂದ ಫ್ರ್ಯಾಂಕ್ ಬೋಲಿಂಗ್ ಎಂಬ ಬಿಳಿಯ ಆಟಗಾರ 1961ರಲ್ಲಿ ಅದೇ ಬ್ರೇವ್ಸ್ ತಂಡವನ್ನು ಸೇರಿದ. ಇಬ್ಬರೂ ಒಂದೇ ಊರಿನ ಹುಡುಗರು, ವಯಸ್ಸಿನಲ್ಲಿ ಎರಡೇ ವರ್ಷದ ಅಂತರ. ಹುಟ್ಟಿದೂರಿನಲ್ಲಿ ಒಟ್ಟಿಗೆ ಆಡಲು ಕಾನೂನು ಬಿಡಲಿಲ್ಲ. ಅದಕ್ಕಾಗಿ ಸಾವಿರ ಮೈಲಿ ದೂರದ ಮಿಲ್ವಾಕಿಗೆ ಹೋಗಬೇಕಾಯಿತು.

ಆ ಕಾಲಕ್ಕೆ ಬೇಸ್‌ಬಾಲ್‌ನ ದೇವರೆಂದರೆ ಬೇಬ್ ರೂತ್. 1935ರಲ್ಲಿ ಆಟ ನಿಲ್ಲಿಸುವಾಗ ಅವನ ಹೋಮ್ ರನ್‌ಗಳು 714. ಅದನ್ನು ಯಾರೂ ಮುಟ್ಟಲಾರರೆಂದು ಜನ ನಂಬಿದ್ದರು. ಏರನ್ ಸದ್ದಿಲ್ಲದೆ, ವರ್ಷಕ್ಕೆ ಮೂವತ್ತು ನಲವತ್ತರಂತೆ ಹೊಡೆಯುತ್ತ, 1973ರ ಕೊನೆಗೆ 713ಕ್ಕೆ ಬಂದು ನಿಂತ. ತಂಡ ಆಗ ಅಟ್ಲಾಂಟಕ್ಕೆ ಬಂದಿತ್ತು. ಆ ವರ್ಷ ಅವನಿಗೆ ಬಂದ ಕಾಗದಗಳು ಸುಮಾರು 9 ಲಕ್ಷದ 30 ಸಾವಿರ. ಶುಭ ಕೋರಿದವರು ಬಹಳ. ಆದರೆ ಬಿಳಿಯನ ದಾಖಲೆಯನ್ನು ಕರಿಯನೊಬ್ಬ ಮುರಿಯುವುದನ್ನು ಸಹಿಸದವರು ಬರೆದ ಹೊಲಸು ಪತ್ರಗಳೂ, ಕೊಂದುಬಿಡುತ್ತೇವೆ, ಮಕ್ಕಳನ್ನು ಅಪಹರಿಸುತ್ತೇವೆ ಎಂಬ ಬೆದರಿಕೆಗಳೂ ರಾಶಿ ರಾಶಿ ಬಂದವು. ಪೊಲೀಸು ಕಾವಲಿನಲ್ಲಿ ತಿರುಗಬೇಕಾಯಿತು. ಜೊತೆಗಾರರು ಮಲಗುವ ಹೋಟೆಲಿನಲ್ಲಿ ಅವನು ಮಲಗುವಂತಿರಲಿಲ್ಲ. ಒಂದು ಚೆಂಡನ್ನು ಬೇಲಿಯಾಚೆ ಹೊಡೆಯುವುದಕ್ಕಾಗಿ ಮನುಷ್ಯನೊಬ್ಬ ಇಷ್ಟು ಅನುಭವಿಸಬೇಕೆ ಎಂದು ನಾವು ಪ್ರತಿ ಸಲ ಓದುವಾಗಲೂ ಕೇಳಿಕೊಂಡಿದ್ದೇವೆ.

1974ರ ಏಪ್ರಿಲ್ 4ರಂದು 714. ಏಪ್ರಿಲ್ 8ರ ರಾತ್ರಿ ಅಟ್ಲಾಂಟದಲ್ಲಿ, ನಾಲ್ಕನೆಯ ಸರದಿಯಲ್ಲಿ, ಆಲ್ ಡೌನಿಂಗ್ ಎಸೆದ ಚೆಂಡನ್ನು ಏರನ್ ಎಡಭಾಗದ ಬೇಲಿ ದಾಟಿಸಿದ. 715! ಐವತ್ತಮೂರು ಸಾವಿರಕ್ಕೂ ಮಿಕ್ಕಿದ ಜನ ಎದ್ದು ನಿಂತರು. ಅವನು ನೆಲೆಗಳನ್ನು ಸುತ್ತುತ್ತಿರುವಾಗ ಇಬ್ಬರು ಬಿಳಿಯ ತರುಣರು ಗ್ಯಾಲರಿಯಿಂದ ಜಿಗಿದು ಅವನತ್ತ ಓಡಿಬಂದರು. ಕಾವಲುಗಾರನ ಎದೆ ಒಡೆದಿರಬೇಕು. ಅವರು ಮಾಡಿದ್ದು ಇಷ್ಟೇ: ಬೆನ್ನು ತಟ್ಟಿ ಕೆಲವು ಹೆಜ್ಜೆ ಜೊತೆಗೆ ಓಡಿದರು. ಹೊರಟ ನೆಲೆಗೆ ಬಂದು ಮುಟ್ಟುತ್ತಲೇ, ಹಿಂದೆ ಊರ ಹೊರಗಿನ ಪಂದ್ಯಕ್ಕೆ ಕಳುಹಿಸಲೊಲ್ಲೆನೆಂದಿದ್ದ ಆ ತಾಯಿ ಬಂದು ಮಗನನ್ನು ಬಿಗಿಯಾಗಿ ತಬ್ಬಿಕೊಂಡಳು.

1976ರಲ್ಲಿ ಆಟ ನಿಲ್ಲಿಸುವಾಗ ಅವನ ಹೋಮ್ ರನ್‌ಗಳು 755. ಆ ದಾಖಲೆ 2007ರವರೆಗೆ ನಿಂತಿತು. ಅದನ್ನು ಬ್ಯಾರಿ ಬಾಂಡ್ಸ್ ದಾಟಿದ. ತನ್ನ ಹೊಡೆತದಿಂದ ತಂಡಕ್ಕೆ ತಂದುಕೊಟ್ಟ ಓಟಗಳ ಲೆಕ್ಕದಲ್ಲಿ ಏರನ್‌ನ 2,297 ಇಂದಿಗೂ ಎಲ್ಲರಿಗಿಂತ ಮೇಲೆ. ತಮ್ಮ ಟಾಮಿ ಏರನ್ ಕೂಡ ಅದೇ ತಂಡದಲ್ಲಿ ಆಡಿ 13 ಹೋಮ್ ರನ್ ಹೊಡೆದ. ಅಣ್ಣತಮ್ಮಂದಿರು ಕೂಡಿ 768 ಹೊಡೆದದ್ದು ಒಂದು ದಾಖಲೆ. ಯಾರ ಪಾಲೆಷ್ಟು ಎಂದು ಕೇಳಬಾರದು. ತಂದೆ ಕಟ್ಟಿದ ಹಲಗೆ ಮನೆಯನ್ನು ಸಾಗಿಸಿ ತಂದು 2010ರಲ್ಲಿ ಮೊಬೀಲ್‌ನ ಆಟದ ಮೈದಾನದ ಬಳಿ ವಸ್ತುಸಂಗ್ರಹಾಲಯ ಮಾಡಿದರು. 2021ರ ಜನವರಿ 22ರಂದು ಏರನ್ ಕಣ್ಮುಚ್ಚಿದ. ಆ ಹೊಲಸು ಪತ್ರಗಳನ್ನು ಅವನು ಸುಟ್ಟಿರಲಿಲ್ಲ, ಜೋಪಾನವಾಗಿ ಇಟ್ಟುಕೊಂಡಿದ್ದ.

ವಿಲ್ಲಿ ಮೆಕ್‌ಕವಿ 1938ರ ಜನವರಿಯಲ್ಲಿ ಹುಟ್ಟಿದವನು, ಆರಡಿ ನಾಲ್ಕಂಗುಲದ ಆಳು. ಏರನ್ ತೊಡುತ್ತಿದ್ದ 44ರ ಸಂಖ್ಯೆಯನ್ನೇ ಅಭಿಮಾನದಿಂದ ತಾನೂ ತೊಟ್ಟ. 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಪರವಾಗಿ ಆಡಿದ ಮೊದಲ ದಿನವೇ ನಾಲ್ಕಕ್ಕೆ ನಾಲ್ಕು ಹೊಡೆತ. ಆದರೆ ಜನ ಹೆಚ್ಚು ನೆನೆಯುವುದು ಅವನ ಒಂದು ಸೋಲನ್ನು. 1962ರ ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯ, ಕೊನೆಯ ಸರದಿ, ಇಬ್ಬರು ಔಟು, ಎದುರಾಳಿ ಯಾಂಕೀಸ್ ಒಂದೇ ಓಟ ಮುಂದೆ, ನೆಲೆಗಳಲ್ಲಿ ಇಬ್ಬರು ಕಾಯುತ್ತಿದ್ದಾರೆ. ಮೆಕ್‌ಕವಿ ಹೊಡೆದ ಚೆಂಡು ಗುಂಡಿನಂತೆ ಹಾರಿತು - ನೇರವಾಗಿ ಬಾಬಿ ರಿಚರ್ಡ್ಸನ್‌ನ ಕೈಗೆ. ಅದರ ಮುಂದಿನ ಹದಿನೆಂಟು ವರ್ಷ ಆಡಿದರೂ ಅವನಿಗೆ ಮತ್ತೆ ವರ್ಲ್ಡ್ ಸೀರೀಸ್ ಸಿಗಲಿಲ್ಲ. ಒಟ್ಟು 521 ಹೋಮ್ ರನ್‌ಗಳೊಂದಿಗೆ 1986ರಲ್ಲಿ ಕೀರ್ತಿಮಂದಿರ ಸೇರಿದ, 2018ರಲ್ಲಿ ತೀರಿಕೊಂಡ.

ಅದೇ 1938ರ ಜೂನ್‌ನಲ್ಲಿ, ಕೌಂಟಿಯ ವಿಸ್ಲರ್ ಎಂಬ ಪುಟ್ಟ ಊರಿನಲ್ಲಿ ಬಿಲ್ಲಿ ವಿಲಿಯಮ್ಸ್ ಹುಟ್ಟಿದ. ಇವನ ಕಥೆಯನ್ನು ನಮ್ಮ ಹತ್ತನೆಯ ತರಗತಿಯವರು ಗಮನವಿಟ್ಟು ಓದಬೇಕು. 1959ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದ ತಂಡದಲ್ಲಿ ಆಡುತ್ತಿದ್ದಾಗ ಹೋಟೆಲುಗಳಲ್ಲಿ ಒಳಗೆ ಬಿಡದ ಅವಮಾನ ಸಹಿಸಲಾರದೆ, ಆಟವೂ ಬೇಡ ಏನೂ ಬೇಡ ಎಂದು ಒಂದು ದಿನ ಊರಿಗೆ ರೈಲು ಹತ್ತಿಬಿಟ್ಟ. ಶಿಕಾಗೋ ಕಬ್ಸ್ ತಂಡದವರು ಬಕ್ ಓನೀಲ್ ಎಂಬ ಹಿರಿಯನನ್ನು ಅವನ ಮನೆಗೆ ಕಳುಹಿಸಿದರು. ಓನೀಲ್ ಬಂದವನು ಬುದ್ಧಿವಾದ ಹೇಳಲಿಲ್ಲ, ಬೈಯಲಿಲ್ಲ. ಮನೆಯವರೊಂದಿಗೆ ಕುಳಿತು ಊಟ ಮಾಡಿದ, ಊರಿನ ಮೈದಾನದತ್ತ ಹುಡುಗನನ್ನು ಕರೆದುಕೊಂಡು ಹೋದ. ಅಲ್ಲಿ ಆಡುತ್ತಿದ್ದ ಮಕ್ಕಳು ಬಿಲ್ಲಿಯನ್ನು ಕಂಡು ಆಟ ಬಿಟ್ಟು ಓಡಿಬಂದು ಸುತ್ತುವರಿದರು. ದೊಡ್ಡ ಆಟದ ಕಥೆ ಹೇಳು ಎಂದು ಕಾಡಿದರು. ಆ ಮಕ್ಕಳಿಗೆ ನಾನು ಬಿಟ್ಟುಬಂದೆ ಎಂದು ಹೇಗೆ ಹೇಳುವುದು? ಬಿಲ್ಲಿ ಮರಳಿ ಹೋದ. 1963ರಿಂದ 1970ರವರೆಗೆ ಒಂದು ದಿನವೂ ತಪ್ಪದೆ ಸತತವಾಗಿ 1,117 ಪಂದ್ಯ ಆಡಿದ. ಒಮ್ಮೆ ಬಿಟ್ಟು ಬಂದವನು ಇವನೇ ಎಂದರೆ ನಂಬುವುದು ಕಷ್ಟ. ಅವನ ಹೋಮ್ ರನ್‌ಗಳು 426, 1987ರಲ್ಲಿ ಕೀರ್ತಿಮಂದಿರ.

ಲೆಕ್ಕದಲ್ಲಿ ಆಸಕ್ತಿಯಿರುವವರು ಏರನ್, ಮೆಕ್‌ಕವಿ, ವಿಲಿಯಮ್ಸ್ ಮೂವರ ಹೋಮ್ ರನ್‌ಗಳನ್ನು ಕೂಡಿಸಿ ನೋಡಲಿ: 755, 521, 426. ಬರುವ ಮೊತ್ತ 1702, ಮೊಬೀಲ್ ಊರು ಹುಟ್ಟಿದ ವರ್ಷ! ಇದಕ್ಕೆ ಅರ್ಥವೇನೂ ಇಲ್ಲ. ಕೂಡಿಸಿದಾಗ ನಮಗೆ ನಗು ಬಂತು, ಅದಕ್ಕೆ ಬರೆದೆವು.

ಐದನೆಯವನಾದ ಓಝಿ ಸ್ಮಿತ್ ಹುಟ್ಟಿದ್ದು 1954ರಲ್ಲಿ. ಆರು ವರ್ಷದವನಿದ್ದಾಗಲೇ ಸಂಸಾರ ಲಾಸ್ ಏಂಜಲೀಸಿಗೆ ಹೋದ ಕಾರಣ ಇವನನ್ನು ಮೊಬೀಲ್‌ನವನೆಂದು ಪೂರ್ತಿ ಹೇಳಬಹುದೋ ಇಲ್ಲವೋ ಎಂಬ ಚರ್ಚೆಗೆ ಎಡೆಯಿದೆ. ಊರವರು ಬಿಟ್ಟುಕೊಟ್ಟಿಲ್ಲ. ಇವನು ಹೊಡೆತಗಾರನಲ್ಲ, ಹಿಡಿತಗಾರ. ಬಾಲ್ಯದಲ್ಲಿ ಮನೆಯ ಮಾಡಿನ ಮೇಲಿಂದ ಚೆಂಡನ್ನು ಆಚೆಗೆ ಎಸೆದು, ಅದು ನೆಲ ಮುಟ್ಟುವ ಮೊದಲು ಮನೆಗೆ ಸುತ್ತು ಹಾಕಿ ಓಡಿಹೋಗಿ ಹಿಡಿಯಲು ನೋಡುತ್ತಿದ್ದ. 1980ರಿಂದ 1992ರವರೆಗೆ ಸಾಲಾಗಿ ಹದಿಮೂರು ವರ್ಷ ಕ್ಷೇತ್ರರಕ್ಷಣೆಯ ಚಿನ್ನದ ಕೈಗವಸು ಇವನ ಪಾಲಾಯಿತು. ಮೈದಾನಕ್ಕೆ ಇಳಿಯುವಾಗ ಹಿಂದಕ್ಕೆ ಪಲ್ಟಿ ಹೊಡೆದು ಇಳಿಯುವುದು ಇವನ ಖಯಾಲಿ. 2002ರಲ್ಲಿ ಕೀರ್ತಿಮಂದಿರ ಸೇರಿದ.

ಇಷ್ಟೊಂದು ಮಂದಿ ಒಂದೇ ಕಡೆ ಹೇಗೆ ಹುಟ್ಟಿದರು ಎಂದು ಕೇಳಬಹುದು. ಚಳಿಗಾಲ ಕಟುವಲ್ಲದ್ದರಿಂದ ವರ್ಷವಿಡೀ ಆಡಬಹುದು ಎಂಬುದು ಒಂದು ಕಾರಣ. ಬಂದರು, ಕಾರ್ಖಾನೆಗಳ ಕೆಲಸಗಾರರು ಭಾನುವಾರ ಭಾನುವಾರ ಆಡುತ್ತಿದ್ದ ತಂಡಗಳು ಕೇರಿ ಕೇರಿಗೆ ಇದ್ದವು. ಹುಡುಗರು ಬೇಲಿಯಾಚೆ ನಿಂತು ನೋಡಿ ಕಲಿತರು. ಹಿಂದೆ ಪೇಜ್ ಹೋಗಿದ್ದ, ಆಮೇಲೆ ಏರನ್ ಹೋದ, ಹಾಗಾದರೆ ನಾವೂ ಹೋಗಬಹುದು ಎಂಬ ಧೈರ್ಯ ಮೂರನೆಯದು. ಇದೇ ದೊಡ್ಡದೆಂದು ನಮ್ಮ ಅನಿಸಿಕೆ.

ಕೀರ್ತಿಮಂದಿರದಲ್ಲಿ ಹೆಸರಿಲ್ಲದ ಇಬ್ಬರ ಕಥೆ ಉಳಿದಿದೆ. ಆಫ್ರಿಕದಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಲ್ಲೇ ನಿಷೇಧಿಸಿತ್ತು. ಆದರೂ 1860ರಲ್ಲಿ ಮೊಬೀಲ್‌ನ ಒಬ್ಬ ಸಿರಿವಂತ 'ಕ್ಲೋಟಿಲ್ಡ' ಎಂಬ ಹಡಗಿನಲ್ಲಿ 110 ಮಂದಿಯನ್ನು ಕದ್ದು ತರಿಸಿ, ಸಾಕ್ಷಿ ಉಳಿಯಬಾರದೆಂದು ಹಡಗನ್ನು ನದಿಯಲ್ಲೇ ಸುಡಿಸಿದ. ಅಮೆರಿಕಕ್ಕೆ ಗುಲಾಮರನ್ನು ತಂದದ್ದಾಗಿ ತಿಳಿದಿರುವ ಕೊನೆಯ ಹಡಗು ಅದೇ. ಐದು ವರ್ಷಗಳ ಬಳಿಕ ಗುಲಾಮಗಿರಿ ಕೊನೆಗೊಂಡಾಗ ಆ ಜನರಿಗೆ ಹಿಂದಿರುಗಲು ದಾರಿಯಿರಲಿಲ್ಲ. ದುಡಿದು ಉಳಿಸಿದ ದುಡ್ಡಿನಲ್ಲಿ ನೆಲ ಕೊಂಡು ತಮ್ಮದೇ ಊರು ಕಟ್ಟಿದರು. ಬಹಳ ಕಾಲ ತಮ್ಮ ಭಾಷೆಯನ್ನೂ ರೂಢಿಗಳನ್ನೂ ಉಳಿಸಿಕೊಂಡರು. ಅದೇ ಆಫ್ರಿಕಾಟೌನ್. ಸುಟ್ಟ ಹಡಗಿನ ಅವಶೇಷ ನದಿಯ ಕೆಸರಿನಲ್ಲಿ ಸಿಕ್ಕಿದ್ದು ಖಚಿತವಾದುದು 2019ರಲ್ಲಿ.

ಆ ಊರಿನಲ್ಲಿ ಮೊಬೀಲ್ ಕೌಂಟಿ ಟ್ರೈನಿಂಗ್ ಸ್ಕೂಲ್ ಎಂಬ ಕರಿಯ ಮಕ್ಕಳ ಹಳೆಯ ಶಾಲೆ. ಅಲ್ಲಿ ಇಬ್ಬರು ಗೆಳೆಯರು ಒಟ್ಟಿಗೆ ಆಡಿ ಬೆಳೆದರು: ಆಫ್ರಿಕಾಟೌನಿನ ಕ್ಲಿಯೋನ್ ಜೋನ್ಸ್, ಮತ್ತು ಬೇರೆ ಕಡೆ ಹುಟ್ಟಿ ಎಳವೆಯಲ್ಲೇ ಮೊಬೀಲ್‌ಗೆ ಬಂದ ಟಾಮಿ ಏಗೀ. 1942ರ ಆಗಸ್ಟಿನಲ್ಲಿ ಐದು ದಿನದ ಅಂತರದಲ್ಲಿ ಹುಟ್ಟಿದವರು. 1969ರಲ್ಲಿ ಇಬ್ಬರೂ ನ್ಯೂಯಾರ್ಕ್ ಮೆಟ್ಸ್ ತಂಡದಲ್ಲಿ ಅಕ್ಕಪಕ್ಕದ ಜಾಗಗಳನ್ನು ಕಾಯುತ್ತಿದ್ದರು. ಮೆಟ್ಸ್ ಎಂದರೆ ಸೋಲುವುದಕ್ಕೇ ಹೆಸರಾದ ತಂಡ. ಆ ವರ್ಷ ಅದು ವರ್ಲ್ಡ್ ಸೀರೀಸ್ ತಲುಪಿದ್ದೇ ಪವಾಡ. ಎದುರಿಗೆ ಬಲಾಢ್ಯವಾದ ಬಾಲ್ಟಿಮೋರ್. ಮೂರನೆಯ ಪಂದ್ಯದಲ್ಲಿ ಏಗೀ ಒಂದು ಹೋಮ್ ರನ್ ಹೊಡೆದು, ಹೋದವೇ ಎಂದುಕೊಂಡ ಎರಡು ಚೆಂಡುಗಳನ್ನು ಓಡಿಹೋಗಿ ಹಿಡಿದ.

ಐದನೆಯ ಪಂದ್ಯದಲ್ಲಿ ಮೆಟ್ಸ್ ಮೂರು ಓಟ ಹಿಂದೆ. ಎಸೆದ ಚೆಂಡು ನೆಲಕ್ಕೆ ಬಡಿದು ಜೋನ್ಸ್‌ನ ಕಾಲಿಗೆ ತಾಗಿತೋ ಇಲ್ಲವೋ ಎಂಬ ವಾದ. ತಾಗಿದ್ದರೆ ಅವನಿಗೆ ಒಂದು ನೆಲೆ ಉಚಿತ. ತಾಗಿಲ್ಲ ಎಂದ ಅಂಪೈರ್. ತಂಡದ ವ್ಯವಸ್ಥಾಪಕ ಗಿಲ್ ಹಾಡ್ಜಸ್ ಚೆಂಡನ್ನು ತಂದು ತೋರಿಸಿದ. ಅದರ ಮೇಲೆ ಬೂಟಿನ ಪಾಲಿಶಿನ ಕಲೆ! ಅಂಪೈರ್ ತೀರ್ಪು ಬದಲಿಸಿದ, ಮುಂದಿನ ದಾಂಡಿಗ ಹೋಮ್ ರನ್ ಹೊಡೆದ, ಪಂದ್ಯದ ಗಾಳಿಯೇ ತಿರುಗಿತು. ಬೂಟಿಗೆ ಪಾಲಿಶ್ ಹಾಕಿಕೊಂಡು ಬನ್ನಿ ಎಂದು ನಮ್ಮ ಡ್ರಿಲ್ ಮಾಷ್ಟ್ರು ಸುಮ್ಮನೆ ಹೇಳುವುದಲ್ಲ. ಅಕ್ಟೋಬರ್ 16ರ ಆ ದಿನ ಬಾಲ್ಟಿಮೋರಿನ ಕೊನೆಯ ದಾಂಡಿಗ ಮೇಲಕ್ಕೆ ಹೊಡೆದ ಚೆಂಡು ಎಡಭಾಗಕ್ಕೆ ಇಳಿದು ಬಂದಾಗ ಅದರ ಕೆಳಗೆ ನಿಂತಿದ್ದವನು ಕ್ಲಿಯೋನ್ ಜೋನ್ಸ್. ಚೆಂಡನ್ನು ಹಿಡಿದು ಒಂದು ಮೊಣಕಾಲೂರಿದ.

ಏಗೀ 2001ರಲ್ಲಿ ತೀರಿಕೊಂಡ. ಜೋನ್ಸ್ ಆಟ ಮುಗಿಸಿ ಆಫ್ರಿಕಾಟೌನಿಗೇ ಮರಳಿದ. ಕಾರ್ಖಾನೆಗಳು ಸುತ್ತುವರಿದು, ಯುವಕರು ಊರು ಬಿಟ್ಟು, ಅಲ್ಲಿನ ಮನೆಗಳು ಒಂದೊಂದಾಗಿ ಬೀಳುತ್ತಿದ್ದವು. ಎಪ್ಪತ್ತು ದಾಟಿದ ಮೇಲೂ ಅವನು ನೆರೆಹೊರೆಯ ಮುದುಕಿಯರ ಮನೆಗಳ ಮಾಡು ರಿಪೇರಿ ಮಾಡಿಸುವುದು, ಗೋಡೆಗಳಿಗೆ ಬಣ್ಣ ಬಳಿಸುವುದು, ಪಾಳುಬಿದ್ದ ಹಿತ್ತಿಲುಗಳ ಕಾಡು ಕಡಿಸುವುದು ಇದರಲ್ಲೇ ದಿನ ಕಳೆದ. ಅದಕ್ಕಾಗಿ ಒಂದು ಪ್ರತಿಷ್ಠಾನವನ್ನೂ ಸ್ಥಾಪಿಸಿದ. ಅವನು ಹಿಡಿದ ಆ ಕೊನೆಯ ಔಟಿನ ನೆನಪಿಗೆ ಅದರ ಹೆಸರಿನಲ್ಲಿ 'ಲಾಸ್ಟ್ ಔಟ್' ಎಂಬ ಮಾತಿದೆ.